ಚಾತುರ್ಮಾಸಕ್ಕೆ ರೋಲರ್ ಕೋಸ್ಟರ್ ಬಿಟ್ಟವರು

ಆಷಾಢದ ಏಕಾದಶಿಗೆ ದೇವರು ಮಲಗುತ್ತಾನೆ, ಕಾರ್ತಿಕದಲ್ಲಿ ಏಳುತ್ತಾನೆ. ಅವನು ಮಲಗಿರುವ ಆ ನಾಲ್ಕು ತಿಂಗಳು ಭಕ್ತರಾದವರು ತಮಗೆ ಪ್ರಿಯವಾದದ್ದೊಂದನ್ನು ಬಿಟ್ಟಿರಬೇಕು. ನಾಗಪುರದ ಮನೀಶ್ ನಗರದಲ್ಲಿ ಬದನೆಕಾಯಿ ಬಿಡುವವರು ಓಣಿಗೊಬ್ಬರಲ್ಲ, ಮನೆಗೊಬ್ಬರು ಸಿಗುತ್ತಾರೆ. ಈರುಳ್ಳಿ ಬಿಡುವವರು, ಚಹಾ ಬಿಡುವವರು ಇದ್ದಾರೆ. ಹೆಂಡತಿಯ ಒತ್ತಾಯಕ್ಕೆ ಹಗಲುನಿದ್ದೆ ಬಿಟ್ಟು ಅರ್ಧಕ್ಕೇ ಸೋತವರೂ ಇದ್ದಾರೆ. ಆದರೆ ಚಾತುರ್ಮಾಸಕ್ಕೆಂದು ರೋಲರ್ ಕೋಸ್ಟರ್ ಬಿಟ್ಟವರು, ನಮಗೆ ತಿಳಿದ ಮಟ್ಟಿಗೆ, ಈ ಭರತಖಂಡದಲ್ಲಿ ಚಿದಂಬರರಾಯರೊಬ್ಬರೇ.

ಚಿದಂಬರರಾಯರು ಗದಗಿನ ಕಡೆಯವರು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ನಾಗಪುರಕ್ಕೆ ಬಂದು ಅರ್ಧ ಆಯುಷ್ಯವೇ ಕಳೆದಿತ್ತು. ಅವರನ್ನು ಪುಕ್ಕಲರೆಂದರೆ ತಪ್ಪಾದೀತು. ಮೇಲಧಿಕಾರಿಗೆ ಎದುರುತ್ತರ ಕೊಡುತ್ತಿದ್ದರು, ಆಟೋದವರೊಂದಿಗೆ ಮರಾಠಿಯಲ್ಲಿ ಜಗಳ ಶುರುಮಾಡಿ ಹಿಂದಿಯಲ್ಲಿ ಗೆಲ್ಲುತ್ತಿದ್ದರು. ನೆಲವೊಂದು ಕಾಲಕೆಳಗಿದ್ದರೆ ಸಾಕು, ಅವರು ಗಂಡುಗಲಿ. ನೆಲದಿಂದ ಕಾಲು ಎತ್ತಿದ ಕೂಡಲೇ ಆ ಗಂಡುಗಲಿ ಎಲ್ಲಿಗೋ ಹೊರಟುಹೋಗುತ್ತಿದ್ದ. ಬಲ್ಬು ಬದಲಿಸಲು ಸ್ಟೂಲು ಹತ್ತುವುದು ಹೆಂಡತಿ ಚಾರುಲತಾ. ರಾಯರು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ಮೆಟ್ರೋ ರೈಲಿನಲ್ಲಿ ಅವರು ಕಿಟಕಿಗೆ ಬೆನ್ನು ಮಾಡಿ ಕೂರುವುದನ್ನು ಜನ ವಿನಯವೆಂದು ತಿಳಿದಿದ್ದರು.

ಇಂಥವರು ರೋಲರ್ ಕೋಸ್ಟರಿನ ಸಹವಾಸಕ್ಕೆ ಬಿದ್ದದ್ದು ಬದನೆಕಾಯಿಯ ದೆಸೆಯಿಂದ.

ಏಕಾದಶಿಗೆ ಎರಡು ದಿನ ಮುಂಚೆ ಬರುವ ನವಮಿಗೆ ಆ ಕಡೆ ಕಾಂದೇ ನವಮಿ ಎನ್ನುತ್ತಾರೆ. ಇನ್ನು ನಾಲ್ಕು ತಿಂಗಳು ಈರುಳ್ಳಿ, ಬದನೆಕಾಯಿ ಇಲ್ಲವಲ್ಲ ಎಂದು ಆವತ್ತು ಹೊಟ್ಟೆ ಬಿರಿಯುವ ಹಾಗೆ ತಿನ್ನುವ ಹಬ್ಬ. ಕಟ್ಟಡದ ಕೆಳ ಅಂತಸ್ತಿನ ಗಂಗೂಬಾಯಿ ಪ್ರತಿವರ್ಷದಂತೆ ಎಲ್ಲರನ್ನೂ ಕರೆದಿದ್ದರು. ಗಂಗೂಬಾಯಿ ಸೊಲ್ಲಾಪುರದವರು, ಎಪ್ಪತ್ತು ದಾಟಿದವರು, ಒಂಬತ್ತು ಗಜದ ಸೀರೆಯವರು. ಅವರ ಕನ್ನಡದಲ್ಲಿ ಅರ್ಧ ಮರಾಠಿ, ಮರಾಠಿಯಲ್ಲಿ ಅರ್ಧ ಕನ್ನಡ, ಮತ್ತು ಎರಡರಲ್ಲೂ ಅಪ್ಪಣೆಯ ಧ್ವನಿ. ಕಟ್ಟಡದಲ್ಲಿ ಯಾವ ವ್ರತ ಹೇಗೆ ನಡೆಯಬೇಕು ಎಂಬುದಕ್ಕೆ ಅವರದೇ ಕೊನೆಯ ಮಾತು.

ಈರುಳ್ಳಿ ಭಜಿಯ ತಟ್ಟೆಗಳು ಓಡಾಡುತ್ತಿದ್ದವು. ರಾಯರು ಒಂದು ಮೂಲೆಯಲ್ಲಿ ಸುಟ್ಟ ಬದನೆಕಾಯಿಯ ಭರೀತವನ್ನು ಜೋಳದ ಭಾಕ್ರಿಗೆ ಹಚ್ಚಿಕೊಂಡು ಲೋಕವನ್ನು ಮರೆತಿದ್ದರು. ಪಕ್ಕದಲ್ಲಿ ಅವರ ಇಬ್ಬರು ಗೆಳೆಯರು. ಒಬ್ಬ ಶಾಮ, ಧಾರವಾಡದವನು, ಬೇರೊಂದು ಸರ್ಕಾರಿ ಕಚೇರಿಯವನು. ದಿನವೂ ಸಂಜೆ ರೈಲ್ವೆ ಗೇಟಿನ ಹತ್ತಿರದ ಚಹಾದ ಗಾಡಿಯ ಬೆಂಚಿನ ಮೇಲೆ ರಾಯರ ಜೊತೆ ಕೂತು, ಖಾರದ ಕಡಲೆಸಾರು ಸುರಿದ ಅವಲಕ್ಕಿ, ಅಂದರೆ ತರ್ರಿ ಪೋಹೆ, ತಿನ್ನುತ್ತ, ಹೋಗುವ ರೈಲುಗಳನ್ನೂ ಬರುವ ಸರ್ಕಾರಗಳನ್ನೂ ಬೈಯುವವನು. ಇನ್ನೊಬ್ಬರು ಪೊನ್ನಪ್ಪ, ಕೊಡಗಿನವರು, ವಾಯುಸೇನೆಯಿಂದ ನಿವೃತ್ತರಾಗಿ ಇಲ್ಲೇ ನೆಲೆ ನಿಂತವರು. ಸೇನೆಯಲ್ಲಿ ಅವರದು ಉಗ್ರಾಣ ವಿಭಾಗವಾದರೂ ಮಾತೆಲ್ಲ ಆಕಾಶದ್ದು.

ಆ ಹೊತ್ತಿಗೆ ಎರಡು ಅಪಾಯಗಳು ಎರಡು ದಿಕ್ಕಿನಿಂದ ಬಂದವು. ಎಡಗಡೆಯಿಂದ ಪೊನ್ನಪ್ಪ, ಊರ ಹೊರಗೆ ಹಿಂಗಣಾದ ಆಚೆ ಹೊಸ ಮನರಂಜನಾ ಪಾರ್ಕು ತೆರೆದಿದೆ, ಭಾರಿ ರೋಲರ್ ಕೋಸ್ಟರ್ ಇದೆ, ಭಾನುವಾರ ಎಲ್ಲರೂ ಹೋಗುವುದು, ಮೊದಲ ಸಾಲಿನಲ್ಲಿ ಚಿದಂಬರ ಕೂರುವುದು ಎಂದು ಘೋಷಿಸಿದರು. ಅದೇ ಗಳಿಗೆಗೆ ಬಲಗಡೆಯಿಂದ ಗಂಗೂಬಾಯಿ ಬಂದು ನಿಂತು, ಎಲ್ಲರದೂ ಆಯಿತು, ಈ ಸಲ ರಾಯರು ಏನು ಬಿಡುತ್ತಾರೆ ಎಂದು ಕೇಳಿದರು. ಕೇಳುವಾಗ ಅವರ ಕಣ್ಣು ರಾಯರ ತಟ್ಟೆಯಲ್ಲಿದ್ದ ಬದನೆಕಾಯಿಯ ಮೇಲಿತ್ತು. ಗಂಡ ತಪ್ಪಿಸಿಕೊಳ್ಳುವ ಮುಂಚೆ ಚಾರುಲತಾ ಕೂಡ ಅಡಿಗೆಮನೆಯಿಂದ ಹೊರಗೆ ಬಂದು ಸಾಕ್ಷಿಗೆ ನಿಂತರು.

ಬಾಯಿ ತುಂಬಿದ ಮನುಷ್ಯನಿಗೆ ವಿಚಾರ ಮಾಡಲು ಸ್ಥಳ ಕಡಿಮೆ. ರಾಯರು ತುತ್ತು ನುಂಗಿ, "ರೋಲರ್ ಕೋಸ್ಟರ್" ಎಂದರು.

ರಾಯರು ತಮ್ಮ ಜಾಣತನಕ್ಕೆ ತಾವೇ ಬೆರಗಾದರು. ಒಂದೇ ಮಾತಿಗೆ ಭಾನುವಾರದ ಗಂಡಾಂತರವೂ ಕಳೆಯಿತು, ಬದನೆಕಾಯಿಯೂ ಉಳಿಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಇಲ್ಲಿ ತಪ್ಪಿದ್ದು ಎರಡು ದೊಣ್ಣೆ.

ಆದರೆ ಗಂಗೂಬಾಯಿಯ ಶಾಸ್ತ್ರ ಬೇರೆಯಾಗಿತ್ತು. ಚಾತುರ್ಮಾಸದಲ್ಲಿ ಮನುಷ್ಯ ಏನು ಬಿಡುತ್ತಾನೆ? ತನಗೆ ಜೀವಕ್ಕಿಂತ ಹೆಚ್ಚಾದದ್ದನ್ನು. ಹಾಗಾದರೆ ಈ ರಾಯರಿಗೆ ರೋಲರ್ ಕೋಸ್ಟರ್ ಎಂದರೆ ಎಷ್ಟು ಪ್ರೀತಿ ಇರಬೇಕು! ಇಷ್ಟು ವರ್ಷ ಒಂದು ಮಾತು ಬಾಯಿಬಿಡದೆ ಎದೆಯಲ್ಲಿಟ್ಟುಕೊಂಡಿದ್ದಾರಲ್ಲ! ಅವರು ರಾಯರ ತಲೆಯ ಮೇಲೆ ಕೈಯಿಟ್ಟು, "ನಾವು ಬದನೆಕಾಯಿ ಬಿಟ್ಟು ದೊಡ್ಡಸ್ತಿಕೆ ಮಾಡ್ತೇವಿ. ಇವರ ತ್ಯಾಗ ನೋಡ್ರಿ, ಬರೋಬರ್ ತ್ಯಾಗ ಅಂದ್ರೆ ಇದು" ಎಂದರು. ಪೊನ್ನಪ್ಪ ಎದ್ದು ನಿಂತು ಒಂದು ಸಲ್ಯೂಟು ಹೊಡೆದರು. ಚಾರುಲತಾ ಮಾತ್ರ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಒಳಗೆ ಹೋದರು. ಅವರು ಬದನೆಕಾಯಿ ಬಿಟ್ಟಿದ್ದರು. ಅಡಿಗೆ ಮಾಡುವವರು ಬಿಟ್ಟ ಮೇಲೆ ತಿನ್ನುವವರು ಬಿಡದೆ ಇದ್ದು ಏನು ಪ್ರಯೋಜನ ಎಂಬುದು ರಾಯರಿಗೆ ಹೊಳೆದದ್ದು ದ್ವಾದಶಿಯ ಊಟಕ್ಕೆ.

ಭಾನುವಾರ ಪಾರ್ಕಿಗೆ ಹೋದಾಗ ರಾಯರು ಎಲ್ಲರ ಚಪ್ಪಲಿ, ಚೀಲ, ಕನ್ನಡಕಗಳನ್ನು ಕಾಯುತ್ತ ಕೆಳಗೆ ಕೂತರು. ಇಷ್ಟಕ್ಕೇ ಸುಮ್ಮನಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರುಬಂದವರೆಲ್ಲ ಗೌರವದಿಂದ ನೋಡುವಾಗ ಸುಮ್ಮನಿರುವುದು ಋಷಿಗಳಿಗೂ ಕಷ್ಟ. ಶಾಮ ಮತ್ತು ಪೊನ್ನಪ್ಪ ಕೋಸ್ಟರಿನಿಂದ ಇಳಿದು, ಮುಖ ಬಿಳಿಚಿಕೊಂಡು, ಗೋಡೆ ಹಿಡಿದುಕೊಂಡು ಬಂದು ಅಭಿಪ್ರಾಯ ಕೇಳಿದಾಗ, ರಾಯರು ಹಳಿಗಳನ್ನು ಕೆಳಗಿಂದ ಮೇಲೆ ಅಳೆದು, ಪರವಾಗಿಲ್ಲ, ಮಕ್ಕಳಿಗೆ ಚೆನ್ನಾಗಿದೆ ಎಂದರು. ಮುಂಬಯಿಯ ಕಡೆಯದನ್ನು ಹತ್ತಿದವರಿಗೆ ಇದು ತೊಟ್ಟಿಲು ತೂಗಿದ ಹಾಗೆ ಎಂದೂ ಸೇರಿಸಿದರು. ಮುಂಬಯಿಯಲ್ಲಿ ಅವರು ಹತ್ತಿದ್ದು ಲೋಕಲ್ ರೈಲು ಒಂದೇ.

ಅಲ್ಲಿಂದ ಮಾತು ರೆಕ್ಕೆ ಕಟ್ಟಿಕೊಂಡಿತು. ರಾಯರು ಎರಡೂ ಕೈ ಬಿಟ್ಟು ಕೂರುತ್ತಾರಂತೆ ಎಂದು ಮೂರನೆಯ ಅಂತಸ್ತಿನವರು ಹೇಳಿದರು. ಕಣ್ಣು ಮುಚ್ಚುವುದಿಲ್ಲವಂತೆ ಎಂದು ಎರಡನೆಯವರು ಹೇಳಿದರು. ಇಸ್ತ್ರಿಯವನ ಬಾಯಿಗೆ ಬರುವ ಹೊತ್ತಿಗೆ ರಾಯರು ನಿಂತೇ ಸವಾರಿ ಮಾಡುವವರಾಗಿದ್ದರು.

ಶ್ರಾವಣದಲ್ಲಿ ನಿಜವಾದ ಸಂಕಟ ಬಂತು. ಶಾಮನಿಗೆ ಗುವಾಹಾಟಿಗೆ ವರ್ಗವಾಯಿತು.

ಆ ಸುದ್ದಿಗೆ ರಾಯರು ಮಂಕಾಗಿಬಿಟ್ಟರು. ನಾಗಪುರದಂಥ ದೊಡ್ಡ ಊರಿನಲ್ಲಿ ಅವರಿಗೆ ಮನೆಯ ಹೊರಗೆ ಹೊಟ್ಟೆತುಂಬ ಕನ್ನಡ ಆಡಲು ಇದ್ದವನು ಶಾಮನೊಬ್ಬನೇ. ಪೊನ್ನಪ್ಪನವರು ಆಡುವ ಕನ್ನಡ ಒಳ್ಳೆಯದೇ, ಆದರೆ ಅದಕ್ಕೆ ಖಾರ ಸಾಲದು. ಸಂಜೆ ಬೆಂಚಿನ ಮೇಲೆ ಒಬ್ಬರೇ ಕೂತು ರೈಲುಗಳನ್ನು ಬೈಯುವುದನ್ನು ನೆನೆಸಿಕೊಂಡರೆ ಪೋಹೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶಾಮನ ಹೆಂಡತಿ ರಾಗಿಣಿ ಗಂಗೂಬಾಯಿಯ ಮುಂದೆ ಕಣ್ಣೀರು ಹಾಕಿದಳು. ಅಲ್ಲೇ ಇದ್ದ ರಾಯರಿಗೆ ಗಂಗೂಬಾಯಿ ಹಠಾತ್ತನೆ ಒಂದು ಪ್ರಶ್ನೆ ಎಸೆದರು: ಇಷ್ಟು ದೊಡ್ಡ ವಸ್ತು ಬಿಟ್ಟಿದ್ದೀರಲ್ಲ, ಯಾವ ಸಂಕಲ್ಪ ಮಾಡಿ ಬಿಟ್ಟಿರಿ?

ರಾಯರು ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ. ಆದರೆ ಆ ಕ್ಷಣಕ್ಕೆ ಅವರ ಮನಸ್ಸಿನಲ್ಲಿ ಇದ್ದದ್ದು ಒಂದೇ. "ಶಾಮ ಎಲ್ಲೂ ಹೋಗಬಾರದು ಅಂತ" ಎಂದರು. ಇದೊಂದು ಮಾತು ಮಾತ್ರ ಅವರ ಬಾಯಿಂದ ಸುಳ್ಳಾಗಿ ಬರಲಿಲ್ಲ. ರಾಗಿಣಿ ಎದ್ದು ಬಂದು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ವರ್ಗದ ಆದೇಶ ಬರುವ ಮೊದಲೇ ಅದಕ್ಕೆ ಸಂಕಲ್ಪ ಮಾಡಿದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಅದು ರಾಯರ ತಪಸ್ಸಿನ ದೂರದೃಷ್ಟಿ ಎಂದೇ ಎಲ್ಲರೂ ತಿಳಿದರು.

ಗಣಪತಿಯನ್ನು ಕಳಿಸಿ ಹೆಚ್ಚು ದಿನ ಆಗಿರಲಿಲ್ಲ. ಶಾಮನ ವರ್ಗ ರದ್ದಾಯಿತು.

ಆಮೇಲೆ ನಡೆದದ್ದನ್ನು ಏನೆಂದು ಹೇಳುವುದು! ರಾಗಿಣಿ ಕಟ್ಟಡಕ್ಕೆಲ್ಲ ಬೇಸನ್ ಉಂಡೆ ಹಂಚಿದಳು. ರಾಯರನ್ನು ನೋಡಲು ಪಕ್ಕದ ಊರು ಕಳಮೇಶ್ವರದಿಂದ ಯಾರದೋ ಸೋದರಮಾವ ಬಂದರು. ಬೇಡಿಕೆಗಳು ಶುರುವಾದವು. ಮೂರನೆಯ ಅಂತಸ್ತಿನವರು, ತಮ್ಮ ಮಗನ ಪರೀಕ್ಷೆ ಮುಗಿಯುವ ತನಕ ರಾಯರು ಲಿಫ್ಟು ಬಿಡಲು ಸಾಧ್ಯವೇ ಎಂದು ವಿನಯದಿಂದ ಕೇಳಿದರು. ಮಂಡಿನೋವಿನ ಒಬ್ಬ ಹಿರಿಯರು, ನಿಮಗೆ ಇಷ್ಟವಾದ ಇನ್ನೇನಾದರೂ ಇದ್ದರೆ ನನ್ನ ಹೆಸರಿನಲ್ಲಿ ಬಿಡಿ ಎಂದರು. ಕಚೇರಿಯ ಮೇಲಧಿಕಾರಿ ಬಾಗಿಲು ಮುಚ್ಚಿ ಕೂರಿಸಿಕೊಂಡು, ಇಲಾಖೆಯ ಏಳಿಗೆಗಾಗಿ ರಾಯರು ಈ ವರ್ಷ ರಜೆಗಳನ್ನು ಬಿಟ್ಟರೆ ದೇವರು ಮೆಚ್ಚುತ್ತಾನೆ ಎಂದು ಸೂಚಿಸಿದರು.

ದಸರೆಯ ಮರುದಿನ ಗಂಗೂಬಾಯಿ ತಮ್ಮ ಗುರುಗಳಿಗೆ ಫೋನು ಮಾಡಿ ಶಾಸ್ತ್ರ ಕೇಳಿದರು. ಗುರುಗಳಿಗೆ ರೋಲರ್ ಕೋಸ್ಟರ್ ಎಂದರೆ ಯಾವ ತರಕಾರಿ ಎಂದು ಗೊತ್ತಾಗಲಿಲ್ಲ. ಆದರೂ ವ್ರತದ ನಿಯಮ ಎಲ್ಲ ವಸ್ತುಗಳಿಗೂ ಒಂದೇ. ಬಿಟ್ಟ ವಸ್ತುವನ್ನು ಕಾರ್ತಿಕದಲ್ಲಿ ಮೊದಲು ಒಬ್ಬ ಹಿರಿಯ ಮುತ್ತೈದೆಗೆ ದಾನ ಮಾಡಬೇಕು. ಆಮೇಲೆ ಯಾರಿಗಾಗಿ ಸಂಕಲ್ಪ ಮಾಡಿದೆವೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ರತ ಹಿಡಿದವನು ತಾನೂ ಸ್ವೀಕರಿಸಬೇಕು. ಅದಕ್ಕೆ ಉದ್ಯಾಪನೆ ಎನ್ನುತ್ತಾರೆ. ಉದ್ಯಾಪನೆ ಆಗದ ವ್ರತ ಬಾಗಿಲಿಲ್ಲದ ಮನೆ. ಬಂದ ಫಲ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

ಅಂದರೆ ಗುವಾಹಾಟಿ ವಾಪಸು ಬರುತ್ತದೆ ಎಂದು ಗಂಗೂಬಾಯಿ ಅದನ್ನು ಕನ್ನಡಕ್ಕೆ ಇಳಿಸಿದರು. ರಾಗಿಣಿ ಬೆವರಿದಳು. ಪೊನ್ನಪ್ಪ ಆ ಕ್ಷಣದಿಂದಲೇ ಕಾರ್ಯಾಚರಣೆಯ ಉಸ್ತುವಾರಿ ವಹಿಸಿಕೊಂಡರು.

ಇಲ್ಲಿಂದ ರಾಯರ ಒದ್ದಾಟ ನೋಡುವಂತಿತ್ತು. ಮೊದಲು ರಕ್ತದೊತ್ತಡದ ನೆಪ ಹೂಡಿ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ನಿಮ್ಮ ಹೃದಯ ಕುದುರೆಯದು, ಬೇಕಾದರೆ ಕೋಸ್ಟರಿನ ಹಿಂದೆ ಓಡಿ ಎಂದು ಬೆನ್ನು ತಟ್ಟಿದರು. ಆಮೇಲೆ ರಾಯರು ಇನ್ನೊಂದು ಉಪಾಯ ತೆಗೆದರು. ವೈರಾಗ್ಯ ಬಂದಿದೆ, ರೋಲರ್ ಕೋಸ್ಟರನ್ನು ಜೀವಮಾನವಿಡೀ ಬಿಟ್ಟುಬಿಡುತ್ತೇನೆ, ಉದ್ಯಾಪನೆಯ ಮಾತೇ ಬೇಡ ಎಂದರು. ಗಂಗೂಬಾಯಿ ಎರಡೂ ಕೈ ಮುಗಿದರು. ಜೀವಮಾನಕ್ಕೆ ಬಿಡುವುದಾದರೆ ಕಾಶಿಗೇ ಹೋಗಿ ಗಂಗೆಯಲ್ಲಿ ನಿಂತು ಬಿಡಬೇಕು, ಅದಕ್ಕೇನು, ಎಲ್ಲರೂ ಹೋಗೋಣ ಎಂದರು. ರಾಯರ ಮುಖ ಅರಳಿತು. ಆಗ ಚಾರುಲತಾ ಶಾಂತವಾಗಿ ಒಂದು ಮಾತು ಸೇರಿಸಿದರು: ಕಾಶಿಯಲ್ಲಿ ಬಿಡುವಾಗ ಒಂದು ಹಣ್ಣು, ಒಂದು ಕಾಯಿಪಲ್ಲೆ ಕೂಡ ಬಿಡಬೇಕಾಗುತ್ತದೆ, ಅತಿ ಇಷ್ಟವಾದದ್ದು, ಸಾಯುವ ತನಕ.

ರಾಯರು ಆ ರಾತ್ರಿ ತಕ್ಕಡಿಯ ಒಂದು ತಟ್ಟೆಯಲ್ಲಿ ರೋಲರ್ ಕೋಸ್ಟರನ್ನೂ ಇನ್ನೊಂದರಲ್ಲಿ ಬದನೆಕಾಯಿಯನ್ನೂ ಇಟ್ಟು ತೂಗಿದರು. ಬೆಳಿಗ್ಗೆ ಎದ್ದು, ಕಾಶಿ ದೂರವಾಗುತ್ತದೆ ಎಂದರು.

ಉಳಿದದ್ದು ಒಂದೇ ದಾರಿ. ಶಾಮನ ಹತ್ತಿರ ನಿಜ ಹೇಳಿಬಿಡುವುದು. ಎಷ್ಟೋ ಸಂಜೆ ಬೆಂಚಿನ ಮೇಲೆ ಕೂತು ಬಾಯಿ ತೆರೆದರು. ಆದರೆ ನಿನಗಾಗಿ ವ್ರತ ಹಿಡಿದೆ ಎಂದು ನಂಬಿದ ಗೆಳೆಯನಿಗೆ, ನಾನು ಹಿಡಿದದ್ದು ಬರೀ ಬದನೆಕಾಯಿಯ ತಟ್ಟೆ ಎಂದು ಹೇಳುವುದು ಹೇಗೆ? ಅವನು ಎದ್ದು ಹೋದರೆ? ಗುವಾಹಾಟಿಗೆ ಹೋಗದೆ ಉಳಿದ ಶಾಮ ಇಲ್ಲೇ ಇದ್ದೂ ಇಲ್ಲದಂತಾದರೆ ಅದಕ್ಕಿಂತ ನಷ್ಟ ಯಾವುದು? ರಾಯರು ಪೋಹೆ ತುಂಬಿಕೊಂಡು ಬಾಯಿ ಮುಚ್ಚುತ್ತಿದ್ದರು. ವಿಚಿತ್ರವೆಂದರೆ, ಏಕಾದಶಿಯ ದಿನವೇ ಎರಡು ಸಲ ಪೋಹೆ ತಿನ್ನುವ ಶಾಮ ಕೂಡ ಈ ವಿಷಯದಲ್ಲಿ ಬಲು ಕರ್ಮಠನಾಗಿದ್ದ. ಉದ್ಯಾಪನೆ ಬರೋಬರ್ ಆಗಬೇಕು, ರಾಗಿಣಿಯ ಕಣ್ಣ ಮುಂದೆಯೇ ಆಗಬೇಕು ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ.

ಕಾರ್ತಿಕ ದ್ವಾದಶಿ ಬಂದೇಬಿಟ್ಟಿತು. ತುಳಸಿಯ ಮದುವೆಗೆ ಊರೆಲ್ಲ ಕಬ್ಬು ಕೊಳ್ಳುತ್ತಿದ್ದಾಗ ಮನೀಶ್ ನಗರದ ಒಂದು ಮೆರವಣಿಗೆ ಹಿಂಗಣಾದ ದಾರಿ ಹಿಡಿಯಿತು. ಮುಂದಿನ ಗಾಡಿಯಲ್ಲಿ ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ ಮತ್ತು ಹೊಸ ಪಂಚೆಯುಟ್ಟ ರಾಯರು. ಅವರ ಮುಖದಲ್ಲಿದ್ದ ಭಾವವನ್ನು ಪೊನ್ನಪ್ಪ ಏಕಾಗ್ರತೆ ಎಂದು ಎಲ್ಲರಿಗೂ ವಿವರಿಸಿದರು.

ಪಾರ್ಕಿನಲ್ಲಿ ಕೋಸ್ಟರಿನ ಮೂತಿಗೆ ಕುಂಕುಮ ಹಚ್ಚಲು ಅಲ್ಲಿನ ನೌಕರ ಒಪ್ಪಿದ. ಹಳಿಯ ಮೇಲೆ ತೆಂಗಿನಕಾಯಿ ಒಡೆಯಲು ಒಪ್ಪಲಿಲ್ಲ. ಪಂಚೆಯನ್ನಂತೂ ಗಾಳಿಗೆ ಹಾರುವ ವಸ್ತುಗಳ ಪಟ್ಟಿಗೆ ಸೇರಿಸಿ, ಬೇಡವೇ ಬೇಡ ಎಂದ. ರಾಯರ ಎದೆ ಹಗುರವಾಯಿತು. ಮಡಿಬಟ್ಟೆಯಿಲ್ಲದೆ ಉದ್ಯಾಪನೆ ಮಾಡುವುದಾದರೂ ಹೇಗೆ, ಎಲ್ಲ ದೈವಚಿತ್ತ, ನಡೆಯಿರಿ ಹೋಗೋಣ ಎಂದು ಅವರು ಶುರುಮಾಡುವಷ್ಟರಲ್ಲಿ ಚಾರುಲತಾ ಚೀಲದಿಂದ ಒಂದು ಒಗೆದ ಪ್ಯಾಂಟು ತೆಗೆದು ಕೈಗಿಟ್ಟರು. ಕಾಯಿಯ ಬದಲು ಗಂಗೂಬಾಯಿ ಒಂದು ಕಿತ್ತಳೆಹಣ್ಣು ಸುಲಿದು ನೈವೇದ್ಯ ಮಾಡಿದರು. ನಾಗಪುರದಲ್ಲಿ ಅದಕ್ಕೆ ಯಾವ ದೇವರೂ ಬೇಡ ಎನ್ನುವುದಿಲ್ಲ.

ಇನ್ನು ದಾನ. ಹಿರಿಯ ಮುತ್ತೈದೆ ಯಾರು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಗಂಗೂಬಾಯಿಯ ಯಜಮಾನರು ಮನೆಯ ಆರಾಮಕುರ್ಚಿ ಬಿಟ್ಟು ಏಳದಿದ್ದರೂ ಇದ್ದಾರಲ್ಲ, ಅಷ್ಟು ಸಾಕು. ಗಂಗೂಬಾಯಿ ಕಚ್ಚೆ ಬಿಗಿದು, ಕೊರಳ ಸರ ಸೆರಗಿನೊಳಗೆ ಸೇರಿಸಿ, ಚಾರುಲತಾಳ ಕೈ ಹಿಡಿದು ಹತ್ತಿ ಕೂತರು. ರಾಯರಿಗೆ ಕೊನೆಯ ಆಸೆ ಇನ್ನೂ ಉಳಿದಿತ್ತು. ಈ ವಯಸ್ಸಿನಲ್ಲಿ ಅವರಿಗೆ ಸ್ವಲ್ಪ ತಲೆ ತಿರುಗಬಾರದೇ, ಅಪಾಯವೇನೂ ಬೇಡ, ಕಾರ್ಯಕ್ರಮ ನಿಲ್ಲುವಷ್ಟು ಸಾಕು ಎಂದು ಅವರು ನಿನ್ನೆಯಷ್ಟೇ ಎದ್ದ ದೇವರಿಗೆ ಮೊದಲ ಅರ್ಜಿ ಸಲ್ಲಿಸಿದರು.

ಕೋಸ್ಟರ್ ಏರಿತು, ಇಳಿಯಿತು, ತಲೆಕೆಳಗಾಯಿತು, ತಿರುಗಿ ಬಂದು ನಿಂತಿತು. ಗಂಗೂಬಾಯಿಯ ತುರುಬು ಬಿಚ್ಚಿ ಕೂದಲು ನಾಲ್ಕು ದಿಕ್ಕಿಗೆ ಹರಡಿತ್ತು. ಎಲ್ಲರೂ ಗಾಬರಿಯಿಂದ ಸುತ್ತುವರಿದರು. ರಾಯರು ನೀರಿನ ಬಾಟಲಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದರು.

"ಪುನ್ಹಾ," ಎಂದರು ಗಂಗೂಬಾಯಿ. ಇನ್ನೊಮ್ಮೆ ಎಂದರ್ಥ.

ಅವರನ್ನು ಇಳಿಸಲು ಇಬ್ಬರು ಬೇಕಾದರು. ಇಳಿದವರು ರಾಯರ ಎರಡೂ ಕೈ ಹಿಡಿದು, ಇದನ್ನು ನಾಲ್ಕು ತಿಂಗಳು ಹೇಗೆ ಬಿಟ್ಟಿದ್ದಿರಪ್ಪ ಎಂದು ಕಣ್ಣೊರೆಸಿಕೊಂಡರು.

ಈಗ ತಪ್ಪಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಮೊದಲ ಸಾಲಿನಲ್ಲಿ ರಾಯರು ಮತ್ತು ಶಾಮ. ಹಿಂದೆ ಪೊನ್ನಪ್ಪ ಮತ್ತು ರಾಗಿಣಿ ಮೊದಲಾಗಿ ಅರ್ಧ ಕಟ್ಟಡ. ಭುಜದ ಮೇಲೆ ಕಬ್ಬಿಣದ ಪಟ್ಟಿ ಇಳಿದು ಬಿಗಿಯಿತು. ಕೆಳಗಿನಿಂದ ಗಂಗೂಬಾಯಿ ಅಕ್ಷತೆ ಎರಚಿದರು. ಗಾಡಿ ಮೆಲ್ಲಗೆ ಹೊರಟು, ಕಟಕಟ ಎನ್ನುತ್ತ ಏರು ಹತ್ತತೊಡಗಿತು. ಹಿಂಗಣಾದ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ಕೆಳಗಾದವು. ರಾಯರ ಕಾಲಕೆಳಗೆ ನೆಲ ಇರಲಿಲ್ಲ. ಇನ್ನು ತಾನು ಬದುಕುವುದಿಲ್ಲ ಎಂಬುದು ಅವರಿಗೆ ಖಚಿತವಾಯಿತು. ಸಾಯುವವನು ಸುಳ್ಳು ಹೊತ್ತುಕೊಂಡು ಸಾಯಬಾರದು. ಅವರು ಕತ್ತು ಹೊರಳಿಸಿ ಶಾಮನ ಕಡೆ ನೋಡಿದರು.

"ಶಾಮಾ, ನಾ ಇದನ್ನ ಬಿಟ್ಟೇ ಇಲ್ಲೋ. ಹತ್ತಿದ್ರ ಬಿಡಬೇಕಲ್ಲ. ಹುಟ್ಟಿದಾಗಿಂದ ಒಮ್ಮೆನೂ ಹತ್ತಿಲ್ಲ. ನನಗ ಅಂಜಿಕಿ. ವ್ರತಾನೂ ಸುಳ್ಳು, ಮುಂಬಯಿನೂ ಸುಳ್ಳು."

ಗಾಡಿ ಕಟಕಟ ಎನ್ನುತ್ತಲೇ ಇತ್ತು, ಆ ಸದ್ದಿಗೆ ಹಿಂದಿನ ಸಾಲಿಗೆ ಮಾತು ಕೇಳುವಂತಿರಲಿಲ್ಲ. ಶಾಮ ಕೂಡ ಕತ್ತು ಹೊರಳಿಸಿದ. ಅವನ ಮುಖ ಸುಣ್ಣದಂತಿತ್ತು. ಮೊದಲ ಸಲ ಹತ್ತಿ ಇಳಿದ ದಿನದಿಂದ ಅವನಿಗೂ ಕನಸಿನಲ್ಲಿ ಇದೇ ಗಾಡಿ ಬರುತ್ತಿತ್ತು ಎಂಬುದು ಆಮೇಲೆ ತಿಳಿದ ಸಂಗತಿ.

"ನನ್ನ ಬದಲಿ ತಾನಾಗೇ ರದ್ದಾಗಿಲ್ಲ ಚಿದಂಬರಾ," ಎಂದ ಅವನು. "ಅದು ಬರೇ ಬದಲಿ ಅಲ್ಲ, ಬಡ್ತಿ ಇತ್ತು. ಬಡ್ತಿನೂ ಬ್ಯಾಡ, ಗುವಾಹಾಟಿನೂ ಬ್ಯಾಡ ಅಂತ ನಾನೇ ಬರದು ಕೊಟ್ಟೆ. ಬಡ್ತಿ ಅಂತ ಗೊತ್ತಾಗಿದ್ರ ರಾಗಿಣಿ ಗುವಾಹಾಟಿಗೆ ನಡಕೊಂತ ಹೊಂಟುಬಿಡ್ತಿದ್ಲು. ನಿನ್ನ ವ್ರತ ಇತ್ತಲ್ಲ, ಅದರ ಹೆಸರು ಹೇಳಿ ಪಾರಾದೆ."

"ಬಡ್ತಿ ಯಾಕ ಬ್ಯಾಡ ಅಂದಿ?"

"ಗುವಾಹಾಟಿಯೊಳಗ ಸಂಜಿಮುಂದ ಯಾರ ಜೋಡಿ ಕೂಡಲಿ?"

ರಾಯರಿಗೆ ಉತ್ತರ ಕೊಡಬೇಕೆನಿಸಿತು. ಅಷ್ಟರಲ್ಲಿ ಭೂಮಿ ಎದ್ದು ಮುಖದ ಕಡೆಗೆ ಬಂತು.

ಮುಂದಿನ ವೃತ್ತಾಂತವನ್ನು ರಾಯರಿಂದ ಕೇಳಿ ಪ್ರಯೋಜನವಿಲ್ಲ, ಅವರಿಗೆ ಏನೂ ನೆನಪಿಲ್ಲ. ಕೂಗಿದ್ದು ಮಾತ್ರ ನೆನಪಿದೆ. ಅರ್ಧ ಹೆದರಿಕೆಯಿಂದ ಕೂಗಿದರು, ಇನ್ನರ್ಧ ಸಂತೋಷದಿಂದ ಕೂಗಿದರು, ತಲೆಕೆಳಗಾದಾಗ ಯಾವುದು ಯಾವುದೆಂದು ಅವರಿಗೇ ಗೊತ್ತಾಗಲಿಲ್ಲ. ಶಾಮ ಹೋಗುವುದಿಲ್ಲ, ಶಾಮ ಸಿಟ್ಟಾಗಿಲ್ಲ, ಶಾಮ ತನಗಿಂತ ದೊಡ್ಡ ಸುಳ್ಳುಗಾರ. ಗಾಡಿ ಬಂದು ನಿಂತಾಗ ಅವರ ಎದೆಯ ಮೇಲಿಂದ ಕಬ್ಬಿಣದ ಪಟ್ಟಿ ಏಳುವ ಮುಂಚೆಯೇ ಇನ್ನೊಂದು ಭಾರ ಎದ್ದುಹೋಗಿತ್ತು.

ಆದರೆ ಕಾಲುಗಳು ಏಳಲಿಲ್ಲ. ಎಲ್ಲರೂ ಇಳಿದರೂ ರಾಯರು ಕೂತೇ ಇದ್ದರು. ಎಲ್ಲರಿಗೂ ಅದರ ಅರ್ಥ ತಟ್ಟನೆ ಹೊಳೆಯಿತು. ನಾಲ್ಕು ತಿಂಗಳ ಹಸಿವು, ಒಂದು ತುತ್ತಿಗೆ ತಣಿಯುತ್ತದೆಯೇ? ಗಂಗೂಬಾಯಿ ನೌಕರನನ್ನು ಕರೆದು, ಇವರನ್ನು ಇನ್ನೊಮ್ಮೆ ಕಳಿಸು, ನಾನೂ ಜೊತೆಗೆ ಬರುತ್ತೇನೆ ಎಂದರು. ನೌಕರ ಪಟ್ಟಿ ಇಳಿಸಲು ಕೈ ಹಾಕಿದ.

ಆಗ ಚಾರುಲತಾ ಗುಂಪು ಸೀಳಿಕೊಂಡು ಬಂದು, ನೌಕರನ ಕೈ ತಡೆದು, ಗಂಗೂಬಾಯಿಗೆ ಹೇಳಿದರು: "ಬ್ಯಾಡ್ರಿ ಬಾಯಿ. ಉಪವಾಸ ಬಿಟ್ಟ ದಿನ ಒಮ್ಮೆಲೇ ಭಾಳ ತಿನ್ನಬಾರದು."

ಶಾಸ್ತ್ರದಲ್ಲೂ ವೈದ್ಯದಲ್ಲೂ ಇದಕ್ಕೆ ಎದುರು ಮಾತಿಲ್ಲ. ಗಂಗೂಬಾಯಿ ತಲೆದೂಗಿದರು. ಚಾರುಲತಾ ಗಂಡನ ರಟ್ಟೆ ಹಿಡಿದು ಎಬ್ಬಿಸಿದರು. ನೆಲ ಸಿಕ್ಕಿತು. ರಾಯರಿಗೆ ಆ ಸಿಮೆಂಟಿನ ನೆಲವನ್ನು ಕೂತು ಸವರಬೇಕೆನಿಸಿತು.

ಹೊರಬರುವ ದಾರಿಯಲ್ಲಿ ಒಂದು ಅಂಗಡಿ. ಕೋಸ್ಟರ್ ಕೆಳಕ್ಕೆ ಧುಮುಕುವ ಗಳಿಗೆಗೆ ಎಲ್ಲರ ಫೋಟೋ ತೆಗೆದು ಅಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. ಕಟ್ಟಡದವರೆಲ್ಲ ಅದರ ಮುಂದೆ ಮುಗಿಬಿದ್ದರು. ಹಿಂದಿನ ಸಾಲುಗಳಲ್ಲಿ ರಾಗಿಣಿಯ ಬಾಯಿ ಅಗಲಕ್ಕೆ ತೆರೆದಿತ್ತು, ಪೊನ್ನಪ್ಪನವರು ಕಣ್ಣು ಮುಚ್ಚಿ ಪಕ್ಕದವರ ಜಡೆ ಹಿಡಿದಿದ್ದರು, ಉಳಿದವರ ಮುಖ ಯಾರದೆಂದೇ ಗುರುತು ಸಿಗುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಮಾತ್ರ ರಾಯರು ಮತ್ತು ಶಾಮ ಒಬ್ಬರ ಕಡೆಗೊಬ್ಬರು ಕತ್ತು ಹೊರಳಿಸಿ, ರೈಲ್ವೆ ಗೇಟಿನ ಬೆಂಚಿನ ಮೇಲೆ ಕೂತವರ ಹಾಗೆ ಆರಾಮವಾಗಿ ಹರಟೆ ಹೊಡೆಯುತ್ತಿದ್ದರು.

ಇದನ್ನು ನೋಡಿದ ಮೇಲೆ ಯಾರಿಗೆ ಯಾವ ಸಂಶಯ ಉಳಿಯುತ್ತದೆ? ಪೊನ್ನಪ್ಪ ಎರಡನೆಯ ಸಲ್ಯೂಟು ಹೊಡೆದರು. ಆ ಫೋಟೋ ಈಗಲೂ ಕಟ್ಟಡದ ಲಿಫ್ಟಿನ ಪಕ್ಕದಲ್ಲಿ ತೂಗುತ್ತಿದೆ, ಗುರುವಾರಕ್ಕೊಮ್ಮೆ ಯಾರೋ ಹೂವು ಮುಡಿಸುತ್ತಾರೆ. ಏನು ಮಾತಾಡುತ್ತಿದ್ದಿರಿ ಎಂದು ರಾಗಿಣಿ ಕೇಳಿದಾಗ, ಇಬ್ಬರೂ ಒಟ್ಟಿಗೇ, ಪೋಹೆಯ ವಿಷಯ ಎಂದರು. ಗಂಗೂಬಾಯಿಯಂತೂ ಅಲ್ಲೇ ನಿಂತು ಸಾರಿದರು: ಬರುವ ಚಾತುರ್ಮಾಸಕ್ಕೆ ಬದನೆಕಾಯಿ ಗಿದನೆಕಾಯಿ ಎಲ್ಲ ಬಿಟ್ಟು ನಾನು ರೋಲರ್ ಕೋಸ್ಟರನ್ನೇ ಬಿಡುತ್ತೇನೆ. ಅದಕ್ಕೆ ಇನ್ನೂ ಬಹಳ ತಿಂಗಳು ಇರುವುದರಿಂದ ಅಲ್ಲಿಯ ತನಕ ಭಾನುವಾರಕ್ಕೊಮ್ಮೆ ಹತ್ತಿ ಬರುವುದೆಂದೂ ನಿರ್ಧರಿಸಿದರು.

ಸಂಜೆ ಬೆಂಚಿನ ಮೇಲೆ ರಾಯರು ಮತ್ತು ಶಾಮ ಬಹಳ ಹೊತ್ತು ಕೂತರು. ಒಂದು ರೈಲು ತಡವಾಗಿ ಬಂತು. ಇಬ್ಬರೂ ಸೇರಿ ಅದನ್ನು ಮನಸಾರೆ ಬೈದರು. ಪೋಹೆ ಸಲೀಸಾಗಿ ಗಂಟಲಲ್ಲಿ ಇಳಿಯಿತು.

ಮನೆಗೆ ಬರುವ ಹೊತ್ತಿಗೆ ಬಾಗಿಲಿನಲ್ಲೇ ಬದನೆಕಾಯಿ ಎಣಗಾಯಿಯ ವಾಸನೆ. ಚಾರುಲತಾಳ ವ್ರತವೂ ಮುಗಿದಿತ್ತಲ್ಲ. ತುಂಬುಗಾಯಿ, ಶೇಂಗಾ ಪುಡಿ, ಮೇಲೆ ತೇಲುವ ಎಣ್ಣೆ. ರಾಯರು ಮೊದಲನೆಯದನ್ನು ಮುಗಿಸಿದರು, ಎರಡನೆಯದಕ್ಕೆ ಕೈ ಹಾಕುವಾಗ ಮನಸ್ಸು ಎಷ್ಟು ತಣ್ಣಗಾಗಿತ್ತೆಂದರೆ, ಇನ್ನು ಮೇಲೆ ಒಳ್ಳೆಯವನಾಗಿ ಬದುಕಬೇಕು ಎನಿಸಿತು. ಮುಂದಿನ ವರ್ಷ ತಾನೂ ಎಲ್ಲರ ಹಾಗೆ ಬದನೆಕಾಯಿಯನ್ನೇ ಬಿಡುವುದಾಗಿ ಹೆಂಡತಿಗೆ ಹೇಳಿದರು.

ಚಾರುಲತಾ ತಟ್ಟೆಗೆ ಇನ್ನೊಂದು ಎಣಗಾಯಿ ಬಡಿಸಿ, ಮೇಲೆ ಒಂದು ಸೌಟು ಗೊಜ್ಜು ಸುರಿದರು.

"ವಿಚಾರ ಮಾಡಿ ಮಾತಾಡ್ರಿ," ಎಂದರು. "ಇದೇನು ರೋಲರ್ ಕೋಸ್ಟರ್ ಅಲ್ಲ. ಬದನಿಕಾಯಿ ಬಿಟ್ಟರ ಖರೇನೇ ಬಿಡಬೇಕಾಗ್ತದ."

ರಾಯರು ತಟ್ಟೆಯನ್ನು ಸೌಟಿನ ಹತ್ತಿರಕ್ಕೆ ಇನ್ನಷ್ಟು ಸರಿಸಿದರು.